ಸರಸತ್ತೆಯ ಎಂಜಲು

ನಮ್ಮ ಹೋಟೆಲಿನ ಅಡುಗೆಮನೆಯಲ್ಲಿ ಯಾರೂ ರುಚಿ ನೋಡುವಂತಿಲ್ಲ. ಸಾಂಬಾರಿಗೆ ಉಪ್ಪು ಸಾಕೋ ಬೇಕೋ ಎನ್ನುವುದನ್ನು ಮೂಗಿನಲ್ಲೇ ತಿಳಿದುಕೊಳ್ಳಬೇಕು. ದೇವರ ಮುಂದೆ ಇಟ್ಟ ಮೇಲಷ್ಟೇ ಬಾಯಿಗೆ. ಅಪ್ಪಯ್ಯ ಕುಂದಾಪುರದ ಕಡೆಯಿಂದ ಚೆನ್ನೈಗೆ ಬಂದು ಅಣ್ಣಾ ನಗರದಲ್ಲಿ ಈ ಹೋಟೆಲು ತೆರೆದಾಗ ಅವರ ಅಕ್ಕ ಸರಸತ್ತೆ ಹಾಕಿಕೊಟ್ಟ ನಿಯಮ ಇದು. ಅಪ್ಪಯ್ಯ ಈಗಿಲ್ಲ, ಗಲ್ಲಾಪೆಟ್ಟಿಗೆಯ ಮೇಲಿನ ಗೋಡೆಯಲ್ಲಿ ಫೋಟೋ ಆಗಿದ್ದಾರೆ. ನಿಯಮ ಹಾಗೇ ಇದೆ, ಸರಸತ್ತೆಯೂ ಇದ್ದಾರೆ. ಹೋಟೆಲಿನ ಮೇಲಿನ ಮಹಡಿಯಲ್ಲಿ ನಮ್ಮೆಲ್ಲರ ಜೊತೆ ಇರುವ ಅವರಿಗೆ ಎಂಬತ್ತು ಹತ್ತಿರವಾಯಿತು. ಎಂಜಲು ಕೈಯಲ್ಲಿ ಯಾರಾದರೂ ಸೌಟು ಮುಟ್ಟಿದರೆ ಈಗಲೂ ಆ ಸೌಟಿಗೂ ಮುಟ್ಟಿದವರಿಗೂ ಒಟ್ಟಿಗೇ ಸ್ನಾನ.

ಅಂಥ ಸರಸತ್ತೆ ಒಂದು ಮಧ್ಯಾಹ್ನ ಅದೇ ಹೋಟೆಲಿನ ಮೇಜಿನ ಮುಂದೆ ಕೂತು ಪ್ಲಾಸ್ಟಿಕ್ ಕೊಳವೆಯೊಂದಕ್ಕೆ ಉಗುಳಿದರು. ಅದೂ ವಿಜ್ಞಾನಕ್ಕಾಗಿ. ನನ್ನ ಕಾಯಿಲೆಯ ಕಥೆಯಲ್ಲಿ ನನಗೆ ತುಂಬ ಇಷ್ಟವಾದ ಭಾಗ ಅದು. ಆದರೆ ಅಲ್ಲಿಗೆ ಹೋಗಬೇಕಾದರೆ ಮೊದಲು ಒಂದಿಷ್ಟು ಹೊಟ್ಟೆನೋವನ್ನು ದಾಟಬೇಕು.

ಹೋಟೆಲಿನ ತರಕಾರಿ ಖರೀದಿ ನನ್ನ ಕೆಲಸ. ಬೆಳಗಾಗುವ ಮೊದಲೇ ಕೋಯಂಬೇಡು ಮಾರುಕಟ್ಟೆಗೆ ಹೋಗಿ, ನನಗಿಂತ ಎರಡರಷ್ಟು ದಪ್ಪದ ವ್ಯಾಪಾರಿಗಳ ಜೊತೆ ಕುಂಬಳಕಾಯಿಗೂ ನುಗ್ಗೆಕಾಯಿಗೂ ಜಗಳವಾಡುವುದೆಂದರೆ ನನಗೆ ಹಬ್ಬ. ತಿಂಗಳಲ್ಲಿ ಕೆಲವು ದಿನ ಮಾತ್ರ ಆ ಹಬ್ಬ ಇರುತ್ತಿರಲಿಲ್ಲ. ಹೊಟ್ಟೆಯೊಳಗೆ ಯಾರೋ ಒದ್ದೆ ಬಟ್ಟೆ ಹಿಂಡಿದಂತೆ ಶುರುವಾಗಿ, ನೋವು ಸೊಂಟಕ್ಕೆ, ತೊಡೆಗೆ ಇಳಿದು, ನಿಂತಲ್ಲೇ ಬೆವರು ಕಿತ್ತು ಬರುತ್ತಿತ್ತು. ಬಾಳೆಎಲೆ ಮಾರುವ ಮುನಿಯಮ್ಮನಿಗೆ ನನ್ನ ಮುಖ ನೋಡಿದ ಕೂಡಲೇ ತಿಳಿಯುತ್ತಿತ್ತು. "ಉಕ್ಕಾರು ಕಣ್ಣು", ಕೂತ್ಕೋ ಕಂದಾ, ಎಂದು ಎಲೆಯ ಕಟ್ಟುಗಳ ಹಿಂದೆ ನನ್ನನ್ನು ಕೂರಿಸಿ, ಒಣಶುಂಠಿಯ ಬಿಸಿ ಕಾಫಿ ತರಿಸಿ ಕೊಡುತ್ತಿದ್ದಳು. ಏನಾಗಿದೆ ಎಂದು ಒಮ್ಮೆಯೂ ಕೇಳಲಿಲ್ಲ. ಆ ಹಸಿರು ಗೋಡೆಯ ಹಿಂದೆ ನಾನು ಎಷ್ಟು ಸಲ ಅತ್ತಿದ್ದೇನೋ, ಮುನಿಯಮ್ಮನಿಗೂ ಬಾಳೆಎಲೆಗೂ ಮಾತ್ರ ಗೊತ್ತು.

ವೈದ್ಯರಿಗೆ ತೋರಿಸಲಿಲ್ಲವೇ ಎಂದು ಕೇಳಬೇಡಿ. ತೋರಿಸಿದ್ದೇ ತೋರಿಸಿದ್ದು. ಒಬ್ಬರು ಗ್ಯಾಸ್ ಎಂದರು. ಇನ್ನೊಬ್ಬರು ಮದುವೆಯಾದರೆ ಸರಿಹೋಗುತ್ತದೆ ಎಂದರು. ಮದುವೆಯಾಗಿ ಗಿರೀಶನನ್ನು ಕರೆದುಕೊಂಡೇ ಹೋದೆ. ಮಗುವಾದರೆ ಸರಿಹೋಗುತ್ತದೆ ಎಂದರು. ನನ್ನ ಆರೋಗ್ಯ ಯಾವಾಗಲೂ ಮುಂದಿನ ಸಮಾರಂಭದ ಹಿಂದೆಯೇ ಅಡಗಿ ಕೂತಿರುತ್ತಿತ್ತು. ಮಗು ಆಗಲಿಲ್ಲ. ಅದು ಬೇರೆಯದೇ ಕಥೆ, ಅದನ್ನು ಇಲ್ಲಿ ಬರೆಯುವ ಮನಸ್ಸಿಲ್ಲ.

ಕೊನೆಗೆ ಯಾರೋ ಹೇಳಿದರೆಂದು ಟಿ. ನಗರದ ಒಂದು ಕ್ಲಿನಿಕ್ಕಿಗೆ ಹೋದೆವು. ಕೆಳಗೆ ಸೀರೆ ಅಂಗಡಿ, ಮೇಲೆ ಕ್ಲಿನಿಕ್. ಕಾಯುವ ಕೋಣೆಯ ಕಿಟಕಿಯಿಂದ ನೋಡಿದರೆ ಮದುವೆ ಜವಳಿ ಮುಗಿಸಿದ ಕುಟುಂಬಗಳು ಕೈತುಂಬ ಚೀಲ ಹಿಡಿದು ಆಟೋಗಳ ಜೊತೆ ಚೌಕಾಶಿ ಮಾಡುವುದು ಕಾಣುತ್ತಿತ್ತು. ಒಳಗೆ ನಮ್ಮಂಥ ಹೆಂಗಸರ ಸಾಲು, ಒಬ್ಬರೂ ಇನ್ನೊಬ್ಬರ ಮುಖ ನೋಡುವುದಿಲ್ಲ. ಗಿರೀಶ ಹೆದರಿದರೆ ಗೋಡೆಯ ಮೇಲಿರುವುದನ್ನೆಲ್ಲ ಓದುತ್ತಾನೆ. ಅಂದು ಮಗುವಿಗೆ ಎದೆಹಾಲು ಕುಡಿಸುವ ಕ್ರಮವನ್ನು ಮೊದಲಿನಿಂದ ಕೊನೆಯವರೆಗೆ ನನಗೆ ಪಿಸುಗುಟ್ಟಿ ಓದಿ ಹೇಳಿದ. ಎದುರಿಗಿದ್ದ ಹೆಂಗಸೊಬ್ಬರು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಆಮೇಲೆ ಕೋಣೆಯಲ್ಲಿ ಸ್ವಲ್ಪ ಮಾತು ಶುರುವಾಯಿತು.

ಡಾಕ್ಟರು ನಡುವಯಸ್ಸಿನ ಹೆಂಗಸು. ನಾನು ಹೇಳುವುದನ್ನೆಲ್ಲ ಕೇಳಿಸಿಕೊಂಡು, "ಎಷ್ಟು ವರ್ಷದಿಂದ?" ಎಂದರು. ನಾನು ಎಣಿಸಲು ಹೊರಟು, ಶಾಲೆಯ ದಿನಗಳನ್ನು ದಾಟಲಾಗದೆ ನಿಲ್ಲಿಸಿದೆ. ಅವರು ಪೆನ್ನು ಕೆಳಗಿಟ್ಟು, ಇಷ್ಟು ಕಾಲ ಹೇಗೆ ತಡೆದುಕೊಂಡಿರಿ ಎಂದು ಕೇಳಿದರು. ಅಷ್ಟೇ. ಅಷ್ಟಕ್ಕೇ ನಾನು ಅತ್ತುಬಿಟ್ಟೆ. ಸ್ಕ್ಯಾನ್ ಆಯಿತು, ಮತ್ತೊಂದು ಆಯಿತು, ಕೊನೆಗೆ ಅದಕ್ಕೊಂದು ಹೆಸರು ಸಿಕ್ಕಿತು: ಎಂಡೊಮೆಟ್ರಿಯೋಸಿಸ್. ಗರ್ಭಕೋಶದ ಒಳಪದರದಂಥದ್ದೇ ಏನೋ ಒಂದು, ಬೆಳೆಯಬಾರದ ಕಡೆಯಲ್ಲೆಲ್ಲ ಬೆಳೆದು ಕೂತಿತ್ತಂತೆ. ಕಾಯಿಲೆ ಇದೆ ಎಂದು ತಿಳಿದು ಯಾರಾದರೂ ಖುಷಿಪಡುತ್ತಾರೆಯೇ? ನಾನು ಪಟ್ಟೆ. ದಾರಿಯಲ್ಲಿ ಗಾಡಿ ನಿಲ್ಲಿಸಿ ಮೈಸೂರುಪಾಕು ಕೊಂಡೆ. ಸ್ವಂತ ಹೋಟೆಲಿರುವವಳು ಬೇರೆಯವರ ಅಂಗಡಿಯಲ್ಲಿ ಸಿಹಿ ಕೊಂಡದ್ದು ಅದೊಂದೇ ಸಲ. ನನ್ನ ನೋವು ಸುಳ್ಳಲ್ಲ ಎನ್ನುವುದು ನನಗೆ ಆ ದಿನ ಬಹುಮಾನದಂತೆ ಕಂಡಿತು.

ಆಪರೇಷನ್ನಿಗೆ ಮಾತ್ರ ತುಂಬ ಹೆದರಿದೆ. ಮೇಲಿನ ದೀಪಗಳನ್ನು ನೋಡುತ್ತ ಮಲಗಿದ್ದಾಗ ನರ್ಸ್ ಒಬ್ಬಳು ನನ್ನ ಗುರುತು ಹಿಡಿದು, ನಿಮ್ಮಲ್ಲಿ ನೀರುದೋಸೆ ಭಾನುವಾರ ಮಾತ್ರ ಯಾಕೆ ಎಂದು ದಬಾಯಿಸಿದಳು. ಅಕ್ಕಿ ರುಬ್ಬುವವರು ಸಿಗುವುದಿಲ್ಲ ಎಂದು ನಾನು ವಾದಕ್ಕಿಳಿದೆ. ವಾದ ಮುಗಿಯುವ ಮೊದಲೇ ನಿದ್ದೆ ಬಂತು. ಎಚ್ಚರವಾದಾಗ ಹೊಟ್ಟೆಯ ಮೇಲೆ ಸಣ್ಣ ಸಣ್ಣ ಪಟ್ಟಿಗಳಿದ್ದವು. ಗಿರೀಶ ಪಕ್ಕದಲ್ಲಿ ಕೂತು ಬೆಂಕಿ ನಂದಿಸುವ ಯಂತ್ರದ ಸೂಚನೆಗಳನ್ನು ಓದುತ್ತಿದ್ದ.

ಆ ಮೇಲೆ ಮಾತ್ರೆ, ತಪಾಸಣೆ, ಮತ್ತೆ ಮಾತ್ರೆ. ಪೂರ್ತಿ ಹೋಗುವ ಕಾಯಿಲೆ ಅಲ್ಲ ಇದು. ಆದರೆ ಈಗ ತಿಂಗಳ ಬಹುಪಾಲು ಅದು ತನ್ನ ಪಾಡಿಗೆ ಇರುತ್ತದೆ, ನಾನು ನನ್ನ ಪಾಡಿಗೆ. ಕೋಯಂಬೇಡಿನಲ್ಲಿ ಎಲೆಕಟ್ಟುಗಳ ಹಿಂದೆ ಕೂರದೆ ಬಹಳ ಕಾಲವಾಯಿತು. ಈಗ ಶುಂಠಿ ಕಾಫಿಯನ್ನು ಮುಂದೆಯೇ ನಿಂತು ಕುಡಿಯುತ್ತೇನೆ.

ಕಾಯಿಲೆಗೆ ಹೆಸರು ಸಿಕ್ಕಿದ್ದೇ, ಅದಕ್ಕೆ ಕಾರಣ ಹುಡುಕುವ ಕೆಲಸ ಮನೆಯವರು ವಹಿಸಿಕೊಂಡರು. ಅಣ್ಣ ಸುರೇಶನ ಪ್ರಕಾರ ತರಕಾರಿ ಚೀಲ ಎತ್ತಿದ್ದು. ಗಿರೀಶನ ಪ್ರಕಾರ ನಿದ್ದೆಗೇಡಿತನ. ಅಡುಗೆಯ ವಾಸಣ್ಣನ ಪ್ರಕಾರ ನಾನು ಚಿಕ್ಕಂದಿನಲ್ಲಿ ಕದ್ದು ತಿಂದ ಹುಣಸೆಹಣ್ಣು. ಸರಸತ್ತೆ ಮಾತ್ರ ತೀರ್ಪು ಕೊಟ್ಟರು.

"ನಮ್ಮ ಬದಿಯಂಗೆ ಇಂಥದ್ದೆಲ್ಲ ಇಲ್ಲೆ. ಇದ್ ಅವ್ಳ ಅಮ್ಮನ ಬದಿಯಿಂದ ಬಂದದ್ದೇ."

ಅಮ್ಮ ಎದುರಿಗೇ ಇದ್ದಳು. ಬೀನ್ಸಿನ ನಾರು ತೆಗೆಯುವ ಕೈ ನಿಲ್ಲಲಿಲ್ಲ. ಅಮ್ಮನಿಗೆ ಇಂಥ ನೋವು ಎಂದೂ ಬಂದದ್ದಿಲ್ಲ. ಆದರೂ ನನ್ನ ಆಪರೇಷನ್ ಆದಂದಿನಿಂದ ಅವಳು ನನ್ನನ್ನು ನೋಡುವ ರೀತಿಯೇ ಬೇರೆಯಾಗಿತ್ತು. ತಾನೇ ಏನೋ ಕೆಟ್ಟದ್ದು ಬಡಿಸಿಬಿಟ್ಟೆ ಎನ್ನುವ ಹಾಗೆ.

ನನಗೆ ಸರಸತ್ತೆಯ ಮೇಲೆ ಸಿಟ್ಟು ಬಂದದ್ದು ಅದಕ್ಕಲ್ಲ, ಅನಘಾಳಿಗಾಗಿ. ಅನಘಾ ಸುರೇಶನ ಮಗಳು, ಒಂಬತ್ತನೇ ಕ್ಲಾಸು. ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಲ್ಲಿ. ಅವಳು ದೊಡ್ಡವಳಾಗಿ ಹೆಚ್ಚು ಕಾಲವಾಗಿರಲಿಲ್ಲ. ಒಂದು ಬೆಳಿಗ್ಗೆ ಶಾಲೆಯ ಸಮವಸ್ತ್ರ ಹಾಕಿಕೊಂಡೇ ನೆಲದ ಮೇಲೆ ಮುದುಡಿ ಮಲಗಿದ್ದಳು. "ರೊಂಬ ವಲಿಕ್ಕುದು ಅತ್ತೆ" ಎಂದಳು. ತುಂಬ ನೋಯುತ್ತದೆ ಎಂದು ನನಗೆ ಅವಳು ಹೇಳಬೇಕಾಗಿಯೇ ಇರಲಿಲ್ಲ. ಹಣೆಯ ಬೆವರು ನನಗೆ ಗುರುತಿನದು.

ಸರಸತ್ತೆ ಕಷಾಯ ಹಿಡಿದು ಬಂದರು. "ಎಲ್ರಿಗೂ ಇಪ್ಪುದೇ ಮಗಾ. ಒಂಚೂರ್ ಜೀರ್ಗಿ ಕಷಾಯ ಕುಡ್ದ್ ಮನಿಕೋ. ನಾವೆಲ್ಲ ಹೀಂಗೇ ದೊಡ್ಡ ಆದದ್ದ್."

ಇದೇ ಮಾತು, ಇದೇ ಲೋಟ, ನನಗೂ ಬಂದಿತ್ತು. ಡಾಕ್ಟರ ಹತ್ತಿರ ಕರೆದುಕೊಂಡು ಹೋಗು ಎಂದು ಸುರೇಶನಿಗೆ ಹೇಳಿದೆ. ಅವನು ಗಲ್ಲಾಪೆಟ್ಟಿಗೆ ನೋಡಿದ, ಫ್ಯಾನ್ ನೋಡಿದ, ನನ್ನನ್ನು ಬಿಟ್ಟು ಎಲ್ಲವನ್ನೂ ನೋಡಿದ. "ಅತ್ತೆ ಬ್ಯಾಡ ಅಂಬ್ರಲ್ಲೆ. ಇಷ್ಟ್ ಸಣ್ಣ ಹೆಣ್ಣನ್ನ ಆ ಡಾಕ್ಟ್ರ ಹತ್ರ ಕರ್ಕಂಡ್ ಹೋದ್ರೆ ಜನ ಎಂತ ಹೇಳುದಿಲ್ಲ?" ಎಂದ. ಅತ್ತೆಯ ಮಾತು ಮೀರಿ ನಮ್ಮ ಮನೆಯಲ್ಲಿ ಸಾಸಿವೆಯೂ ಸಿಡಿಯುವುದಿಲ್ಲ. ಹುಡುಗಿ ತಿಂಗಳಿಗೊಮ್ಮೆ ಶಾಲೆ ತಪ್ಪಿಸಿ ಮಲಗುವುದು ಶುರುವಾಯಿತು. ನಾನು ಕಳೆದುಕೊಂಡ ವರ್ಷಗಳನ್ನೇ ಅವಳೂ ಕಳೆದುಕೊಳ್ಳುತ್ತಾಳೆ ಎಂಬ ಭಯ ನನಗೆ ಆಪರೇಷನ್ ಟೇಬಲ್ಲಿನ ಭಯಕ್ಕಿಂತ ದೊಡ್ಡದಾಗಿತ್ತು.

ಆಗಲೇ ನನ್ನ ಡಾಕ್ಟರು ಒಂದು ತಪಾಸಣೆಯ ದಿನ, ಈ ಕಾಯಿಲೆಯ ಬೇರು ವಂಶವಾಹಿಗಳಲ್ಲಿ ಎಲ್ಲಿದೆ ಎಂದು ಹುಡುಕುವ ಒಂದು ತಂಡವಿದೆ, ಕುಟುಂಬಗಳ ಜೊಲ್ಲಿನ ಮಾದರಿ ಬೇಕಂತೆ, ಕೊಡುತ್ತೀರಾ ಎಂದರು. ನನ್ನದು ಬೇಕು, ತಾಯಿಯ ಕಡೆಯಿಂದ ಒಬ್ಬರು, ತಂದೆಯ ಕಡೆಯಿಂದ ಒಬ್ಬರು ಸಿಕ್ಕರೆ ಇನ್ನೂ ಒಳ್ಳೆಯದು. ಅಮ್ಮ ಕೂಡಲೇ ಒಪ್ಪಿದಳು. ತಂದೆಯ ಕಡೆಯಿಂದ ಉಳಿದಿರುವುದು ಒಬ್ಬರೇ.

"ಎಂಜಲನ್ನ ಶೀಸೆಯಂಗೆ ತುಂಬ್ಸಿ ಊರವ್ರಿಗೆ ಕೊಡುದಾ? ಥೂ!" ಎಂದರು ಸರಸತ್ತೆ.

"ಬ್ಯಾಡ ಬಿಡಿ ಅತ್ತೆ. ಅಮ್ಮನ ಬದಿಯದ್ದೊಂದೇ ಹೋಯ್ಲಿ. ನಮ್ಮ ಬದಿ ಹ್ಯಾಂಗಿತ್ತ್ ಅಂತ ಅವ್ರಿಗೆ ಗೊತ್ತಾಪುದಿಲ್ಲ, ಅಷ್ಟೇ" ಎಂದೆ ನಾನು. ನುಗ್ಗೆಕಾಯಿ ವ್ಯಾಪಾರ ಮಾಡಿ ಕಲಿತದ್ದು ಎಲ್ಲಾದರೂ ಉಪಯೋಗಕ್ಕೆ ಬರಬೇಕಲ್ಲ.

ಅತ್ತೆ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದರು. "ಕಾಂಬ. ಬರ್ಲಿ ಅವ್ರು. ನಮ್ಮ ಬದಿ ಎಷ್ಟ್ ಚೊಕ್ಕ ಇತ್ತ್ ಅಂತ ಎಲ್ರಿಗೂ ಗೊತ್ತಾಗ್ಲಿ."

ಮಧ್ಯಾಹ್ನದ ಊಟ ಮುಗಿದು ಸಂಜೆಯ ತಿಂಡಿ ಶುರುವಾಗುವ ನಡುವೆ ನಮ್ಮ ಹೋಟೆಲು ಬಾಗಿಲು ಅರ್ಧ ಎಳೆದುಕೊಂಡು ಸ್ವಲ್ಪ ಹೊತ್ತು ಉಸಿರು ಬಿಡುತ್ತದೆ. ಆ ಹೊತ್ತಿಗೆ ತೇನ್‌ಮೊಳಿ ಬಂದಳು. ಸಂಶೋಧನೆ ಮಾಡುವ ತಂಡದ ಹುಡುಗಿ, ಬೆನ್ನಿಗೊಂದು ಚೀಲ, ಮುಖದ ತುಂಬ ನಗು. ಅರ್ಧ ಗಂಟೆ ಮೊದಲಿನಿಂದ ಏನನ್ನೂ ತಿನ್ನಬಾರದು, ಕುಡಿಯಬಾರದು, ಅಗಿಯಬಾರದು ಎಂದು ಫೋನಿನಲ್ಲೇ ಹೇಳಿದ್ದಳು. ಕಾಫಿ ಡಿಕಾಕ್ಷನ್ನಿನ ವಾಸನೆಯ ನಡುವೆ ಅರ್ಧ ಗಂಟೆ ಬಾಯಿ ಕಟ್ಟಿಕೊಂಡು ಕೂತ ಹೋಟೆಲಿನವರನ್ನು ನೀವು ನೋಡಬೇಕಿತ್ತು. ಅಂದೂ ಶಾಲೆಗೆ ಹೋಗದ ಅನಘಾ ಕೊನೆಯ ಬೆಂಚಿನ ಮೇಲೆ ಬಿಸಿನೀರಿನ ಚೀಲ ಅವುಚಿ ಮಲಗಿ, ಫೋನಿನಲ್ಲಿ ಸಮಯ ನೋಡಿ ಹೇಳುತ್ತಿದ್ದಳು. ಅವಳ ವಯಸ್ಸಿನವರ ಮಾದರಿ ತೆಗೆದುಕೊಳ್ಳುವುದಿಲ್ಲವಂತೆ.

ನಾನು ಕೊಟ್ಟೆ. ಅಮ್ಮ ಕೊಟ್ಟಳು. ಹಿಂದೆ ಅಡುಗೆಮನೆಯಲ್ಲಿ ವಾಸಣ್ಣ ಗೋಳಿಬಜೆಯ ಮೊದಲ ಒಬ್ಬೆ ಎಣ್ಣೆಗೆ ಬಿಟ್ಟಿದ್ದ. ಶುಂಠಿ, ಕರಿಬೇವಿನ ಪರಿಮಳಕ್ಕೆ ನಮ್ಮ ಕೊಳವೆಗಳು ಬಹಳ ಬೇಗ ತುಂಬಿದವು.

ಸರಸತ್ತೆ ಮಡಿಸೀರೆ ಉಟ್ಟು ಇಳಿದು ಬಂದು ನೆಟ್ಟಗೆ ಕೂತರು. ತೇನ್‌ಮೊಳಿ ಕೊಳವೆ ತೆಗೆದು, ಅಜ್ಜಿ ಎನ್ನುವಂತೆ ಪಾಟಿ ಎಂದು ಕರೆದು, ಏನೂ ತಿಂದಿಲ್ಲ, ಕುಡಿದಿಲ್ಲ ಅಲ್ಲವೇ ಎಂದು ತಮಿಳಲ್ಲಿ ಕೇಳಿದಳು. ಅತ್ತೆಗೆ ತಮಿಳು ನಮ್ಮೆಲ್ಲರಿಗಿಂತ ಚೆನ್ನಾಗಿ ಬರುತ್ತದೆ. ಬೆಳಿಗ್ಗೆಯಿಂದ ಎಲೆಯಡಿಕೆ ಸಹ ಮುಟ್ಟಿಲ್ಲ ಎಂದು ಹೆಮ್ಮೆಯಿಂದ ಹೇಳಿದರು. ಒಳ್ಳೆಯ ಕೆಲಸಕ್ಕೆ ಬರುವುದಲ್ಲವೇ, ಇಳಿಯುವಾಗ ದೇವರಿಗೆ ಕೈಮುಗಿದು ತೀರ್ಥ ತೆಗೆದುಕೊಂಡೆ, ಅಷ್ಟೇ ಎಂದೂ ಸೇರಿಸಿದರು.

ತೇನ್‌ಮೊಳಿ ನನ್ನ ಮುಖ ನೋಡಿದಳು. "ತೀರ್ಥಮುಂ ತಣ್ಣಿ ದಾನೇ ಪಾಟಿ" ಎಂದಳು, ಆದಷ್ಟು ಮೆಲ್ಲಗೆ.

ಅತ್ತೆ ನನ್ನ ಕಡೆ ತಿರುಗಿದರು. "ತೀರ್ಥಕ್ಕೂ ನೀರಿಗೂ ವ್ಯತ್ಯಾಸ ಇಲ್ಲೆಯಾ? ಎಂತ ಓದಿತ್ತ್ ಈ ಹೆಣ್ಣ್?"

ವ್ಯತ್ಯಾಸ ಇರಲಿ ಬಿಡಲಿ, ತುಳಸಿಯೂ ಪಚ್ಚಕರ್ಪೂರವೂ ಬಾಯಲ್ಲಿ ಇದ್ದವಲ್ಲ. ಇನ್ನೊಂದು ಅರ್ಧ ಗಂಟೆ ಕಾಯಬೇಕೆಂದಾಯಿತು. ಅನಘಾ ಬೆಂಚಿನ ಮೇಲೆ ಮಲಗಿದಲ್ಲೇ ಕಿಸಕ್ಕನೆ ನಕ್ಕು ಮತ್ತೆ ಫೋನಿನಲ್ಲಿ ಅರ್ಧ ಗಂಟೆಯ ಅಲಾರಂ ಇಟ್ಟಳು.

ಕಾಯುವ ಹೊತ್ತು ಹಾಳಾಗಬಾರದೆಂದು ತೇನ್‌ಮೊಳಿ ಕೇಳಬೇಕಾದ ಪ್ರಶ್ನೆಗಳನ್ನು ಕೇಳತೊಡಗಿದಳು. ಅಮ್ಮನಿಗೆ ನೋವಿತ್ತೇ? ಇಲ್ಲ. ಅಮ್ಮನ ತಾಯಿಗೆ? ಅಕ್ಕತಂಗಿಯರಿಗೆ? ಯಾರಿಗೂ ಇಲ್ಲ. ಅಮ್ಮ ಉತ್ತರ ಹೇಳುತ್ತ ಹೇಳುತ್ತ ಕುಗ್ಗಿದಳು. "ಆದ್ರೂ ನನ್ನಿಂದ್ಲೇ ಬಂದದ್ದಾ?" ಎಂದು ಕೊನೆಗೆ ಅವಳೇ ಕೇಳಿದಳು.

ತೇನ್‌ಮೊಳಿ ತಲೆಯಾಡಿಸಿದಳು. ತಾಯಿಯ ಕಡೆಯಿಂದಲೇ ಬರಬೇಕೆಂದೇನೂ ಇಲ್ಲವಂತೆ. ಅಪ್ಪನ ಮೂಲಕವೂ ಬರಬಹುದು, ಇಬ್ಬರಿಂದಲೂ ಸ್ವಲ್ಪ ಸ್ವಲ್ಪ ಬರಬಹುದು. ಅಪ್ಪನಿಗೆ ಏನೂ ಆಗದೆ ಮಗಳಿಗೆ ದಾಟಬಹುದು. ನಾವೆಲ್ಲ ಒಟ್ಟಿಗೆ ಅಪ್ಪಯ್ಯನ ಫೋಟೋ ನೋಡಿದೆವು. ಒಂದು ತಲೆನೋವೂ ಬರದೆ, ಬಾಯಿ ತುಂಬ ನಗುತ್ತಲೇ ಹೋದ ಮನುಷ್ಯ ಹಾರದೊಳಗಿಂದ ನಗುತ್ತಿದ್ದರು.

"ಅಯ್ಯೋ, ಇವ್ರು ಎಂತ ಕೊಟ್ಟ್ ಹೋದ್ರಪ್ಪಾ!" ಎಂದಳು ಅಮ್ಮ. ಎಂದವಳೇ ನಗತೊಡಗಿದಳು. ಅಪ್ಪಯ್ಯ ಹೋದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿಯೇ ಇರಲಿಲ್ಲ. ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಅವಳ ಹೆಗಲ ಮೇಲಿದ್ದದ್ದು ಇಳಿಯುವುದು ನನಗೆ ಕಣ್ಣಿಗೇ ಕಂಡಿತು, ನನಗೂ ಅಳು ಬಂತು.

ಸರಸತ್ತೆ ಬಿಡಲಿಲ್ಲ. ಹಾಗಾದರೆ ಯಾವುದು ಆ ಕೆಟ್ಟ ಬೀಜ, ಅದೊಂದನ್ನು ತೋರಿಸು ಎಂದು ತೇನ್‌ಮೊಳಿಗೆ ಗಂಟುಬಿದ್ದರು. ಅವಳು ಸ್ವಲ್ಪ ಯೋಚಿಸಿ, ಪಾಟಿ, ಸಾಂಬಾರು ಒಂದು ದಿನ ಕೆಟ್ಟರೆ ಯಾವ ಸಾಮಾನಿನಿಂದ ಎಂದು ಹೇಳಬಹುದೇ ಎಂದು ಕೇಳಿದಳು. ಅತ್ತೆ ಗಂಭೀರವಾಗಿ ವಿಚಾರ ಮಾಡಿದರು. ಮೆಂತೆ ಒಂಚೂರು ಕಂದಿರುತ್ತದೆ, ಹುಳಿ ಒಂಚೂರು ಹೆಚ್ಚಾಗಿರುತ್ತದೆ, ಒಲೆ ಜೋರಾಗಿರುತ್ತದೆ, ಒಂದೊಂದಾಗಿ ನೋಡಿದರೆ ಯಾವುದೂ ತಪ್ಪಲ್ಲ ಎಂದರು. ಇದೂ ಹಾಗೆಯೇ ಎಂದಳು ಹುಡುಗಿ. ಚಿಕ್ಕ ಚಿಕ್ಕ ಕಾರಣಗಳು ಬಹಳ ಇವೆ, ಅವನ್ನೇ ನಾವು ಹುಡುಕುತ್ತಿದ್ದೇವೆ. ಆಮೇಲೆ ಅದೇ ದನಿಯಲ್ಲಿ, ನಿಮಗೆ ಆ ದಿನಗಳಲ್ಲಿ ಹೇಗಿತ್ತು ಪಾಟಿ ಎಂದು ಕೇಳಿದಳು.

ಅತ್ತೆಯ ಕೈ ಎಲೆಯಡಿಕೆಯ ಚೀಲಕ್ಕೆ ಹೋಯಿತು. ಅನಘಾ ಬೆಂಚಿನಿಂದಲೇ "ಪಾಟೀ!" ಎಂದು ಎಚ್ಚರಿಸಿದಳು. ಕೈ ಹಿಂದೆ ಬಂತು. ಕಷ್ಟದ ಮಾತು ಬಂದಾಗಲೆಲ್ಲ ಸರಸತ್ತೆ ಬಾಯಿಗೆ ಎಲೆ ಹಾಕಿಕೊಳ್ಳುವವರು. ಈಗ ಹಾಕಿಕೊಳ್ಳುವಂತಿರಲಿಲ್ಲ. ಅನಘಾ ನೋವಿಗೆ ಮಗ್ಗುಲು ಬದಲಿಸಿದಳು. ಅತ್ತೆ ಅವಳನ್ನೇ ನೋಡುತ್ತ ಕೂತರು.

"ನನ್ನ ಗಂಡನ ಮನಿಯಂಗೆ ಹಟ್ಟಿ ಬದಿಗೆ ಒಂದ್ ಕೋಣೆ ಇತ್ತ್" ಎಂದರು, ಕನ್ನಡದಲ್ಲಿ, ಯಾರಿಗೆಂದಿಲ್ಲದೆ. "ಹೊರಗಾದವ್ರೆಲ್ಲ ಮೂರ್ ದಿನ ಅಲ್ಲೇ. ಎಲ್ರೂ ಮನಿಕಂಡೇ ಇಪ್ಪುದಲ್ದಾ, ಯಾರಿಗೆ ನೋವು, ಯಾರಿಗೆ ಇಲ್ಲ ಅಂತ ಯಾರಿಗ್ ಗೊತ್ತಾತ್ತ್? ನಾನ್ ಸೆರಗ್ ಕಚ್ಕಂಡ್ ಮನಿಕಂತಿದ್ದೆ. ಒಂದೊಂದ್ ಸಲ ಕಣ್ಣೇ ಕತ್ಲಿ ಬಪ್ಪುದು. ಎಲ್ರಿಗೂ ಇಷ್ಟೇ ಆಪುದು ಅಂದ್ಕಂಡಿದ್ದೆ."

ಅಮ್ಮ ನಗುವುದನ್ನು ನಿಲ್ಲಿಸಿದ್ದಳು. "ಅತ್ತಿಗೆ, ನಂಗೆ ಒಂದಿನವೂ ಹೇಳ್ಲಿಲ್ಲ ಅಲ್ದಾ ನೀವು?"

"ಹೇಳುಕೆ ಎಂತ ಇತ್ತ್ ಮಾರಾಯ್ತಿ? ನೀನೂ ನನ್ನ ಹಾಂಗೇ ಬಾಯ್ಮುಚ್ಕಂಡ್ ಇದ್ದದ್ದ್ ಅಂದ್ಕಂಡಿದ್ದೆ. ನಿಂಗೆ ನೋವೇ ಇರ್ಲಿಲ್ಲ ಅಂದ್ರೆ ನಾನ್ ಕನ್ಸ್ ಕಂಡ್ನಾ?"

ಅನಘಾ ಎದ್ದು ಕೂತಿದ್ದಳು. "ಅಪ್ಪೋ, ಎಲ್ಲಾರುಕ್ಕುಂ ಇಪ್ಪಡಿ ವಲಿಕ್ಕಾದಾ?" ಎಂದು ಕೇಳಿದಳು. ಹಾಗಾದರೆ ಎಲ್ಲರಿಗೂ ಹೀಗೆ ನೋಯುವುದಿಲ್ಲವಾ?

"ಇಲ್ಲೆ ಮಗಾ" ಎಂದರು ಸರಸತ್ತೆ. "ನಿನ್ನ ಅಜ್ಜಿಗೆ ಇರ್ಲೇ ಇಲ್ಲ ಅಂಬ್ರು. ನಂಗೂ ಈಗ್ಳೇ ಗೊತ್ತಾದದ್ದ್."

ಫೋನು ಕಿಣಿಕಿಣಿ ಎಂದಿತು. ಅರ್ಧ ಗಂಟೆ ಮುಗಿದಿತ್ತು. ಆದರೆ ಮಾತಾಡಿ ಅತ್ತೆಯ ಬಾಯಿ ಒಣಗಿಹೋಗಿತ್ತು. ವಾಸಣ್ಣನನ್ನು ಕೂಗಿ, ಇನ್ನೊಂದು ಒಬ್ಬೆ ಗೋಳಿಬಜೆ ಬಿಡಲು ಹೇಳಿದೆ, ಮೆಣಸು ಜಾಸ್ತಿ ಹಾಕಿ. ಪರಿಮಳ ಬರುತ್ತಿದ್ದಂತೆ ಅತ್ತೆ ಗೋಡೆಯ ಕಡೆ ತಿರುಗಿ, ತಲೆಯ ಮೇಲೆ ಸೆರಗು ಎಳೆದುಕೊಂಡು, ಅದರ ಮರೆಯಲ್ಲಿ ಕೊಳವೆ ತುಂಬಿಸಿದರು. ಕೊಳವೆಯ ಮೇಲಿನ ಗೆರೆ ಮುಟ್ಟಿದರೆ ಸಾಕಿತ್ತು. ಅವರು ಗೆರೆ ದಾಟಿಸಿ ಕೊಟ್ಟರು. ನಾವು ಚಪ್ಪಾಳೆ ತಟ್ಟಿದೆವು. ಅತ್ತೆ ನಮ್ಮನ್ನೆಲ್ಲ ಬೈಯುತ್ತ ಸ್ನಾನಕ್ಕೆ ಹೊರಟರು.

ಸ್ನಾನ ಮುಗಿಸಿ ಬಂದು, ಫಲಿತಾಂಶ ಯಾವಾಗ ಎಂದು ಕೇಳಿದರು. ತಟ್ಟೆ ತುಂಬ ಗೋಳಿಬಜೆ ಇಟ್ಟುಕೊಂಡಿದ್ದ ತೇನ್‌ಮೊಳಿ, ಒಬ್ಬೊಬ್ಬರಿಗೆ ಅಂತ ಫಲಿತಾಂಶ ಬರುವುದಿಲ್ಲ, ಎಷ್ಟೋ ಕುಟುಂಬಗಳದ್ದು ಸೇರಿಸಿ ನೋಡಬೇಕು, ವರ್ಷಗಳು ಬೇಕು ಎಂದಳು. ಯಾರ ಬದಿ ಎಂದು ಯಾರೂ ಹೇಳುವುದಿಲ್ಲವೇ? ಇಲ್ಲ. ಅತ್ತೆ ಅವಳ ತಟ್ಟೆಗೆ ಇನ್ನೆರಡು ಬಜೆ ಹಾಕಿ, "ಇರ್ಲಿ. ನಂಗೆ ಗೊತ್ತಾಯ್ತ್" ಎಂದರು. ಆಮೇಲೆ, ಆಗಷ್ಟೇ ಗಲ್ಲಾಪೆಟ್ಟಿಗೆಗೆ ಬಂದು ಕೂತ ಸುರೇಶನ ಕಡೆ ತಿರುಗಿ, ಹಾಲಿನ ಲೆಕ್ಕ ಕೇಳುವ ದನಿಯಲ್ಲೇ, "ಹೆಣ್ಣನ್ನ ಡಾಕ್ಟ್ರ ಹತ್ರ ಯಾವಾಗ ಕರ್ಕಂಡ್ ಹೋಪುದ್ ನೀನ್?" ಎಂದು ಗದರಿಸಿದರು.

ಟಿ. ನಗರದ ಆ ಕ್ಲಿನಿಕ್ಕಿಗೆ ನಾನು ಅನಘಾಳನ್ನೂ ಅವಳ ತಾಯಿಯನ್ನೂ ಕರೆದುಕೊಂಡು ಹೊರಟ ದಿನ ಸರಸತ್ತೆ ರೇಷ್ಮೆ ಸೀರೆ ಉಟ್ಟು ಆಟೋದ ಹತ್ತಿರ ನಿಂತಿದ್ದರು. ನೀವು ಯಾಕೆ ಅತ್ತೆ ಎಂದರೆ, "ಡಾಕ್ಟ್ರು ಕೇಂಡ್ರೆ ಹೇಳುಕೆ ಮನಿಯವ್ರು ಬ್ಯಾಡ್ದಾ?" ಎಂದರು. ಕಾಯುವ ಕೋಣೆಯಲ್ಲಿ ಯಾರ ಮುಖವನ್ನೂ ನೋಡದೆ ಕೂತ ಹೆಂಗಸರನ್ನೆಲ್ಲ ಅವರು ಒಬ್ಬೊಬ್ಬರಾಗಿ ಮಾತಾಡಿಸಿದರು. ನಿಮಗೂ ಹೀಗೆಯೇ, ಎಷ್ಟು ಕಾಲದಿಂದ, ಮನೆಯಲ್ಲಿ ಯಾರಿಗೆ ಹೇಳಿದ್ದೀರಿ. ನಮ್ಮ ಸರದಿ ಬರುವಷ್ಟರಲ್ಲಿ ಆ ಕೋಣೆ ಮದುವೆಮನೆಯಂತೆ ಗಲಗಲ ಎನ್ನುತ್ತಿತ್ತು.

ಒಳಗೆ ಡಾಕ್ಟರು ಅನಘಾಳನ್ನು ಎದುರಿಗೆ ಕೂರಿಸಿಕೊಂಡು, ಕುಟುಂಬದಲ್ಲಿ ಬೇರೆ ಯಾರಿಗಾದರೂ ಹೀಗೆ ಇದೆಯೇ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಸರಸತ್ತೆ ಶಾಲೆಯ ಹುಡುಗಿಯ ಹಾಗೆ ಕೈ ಎತ್ತಿದರು. ನಾನೂ ಎತ್ತಿದೆ. ಅನಘಾ ನಮ್ಮಿಬ್ಬರನ್ನು ನೋಡಿ ನಗು ತಡೆಯಲಾಗದೆ ತಾನೂ ಎತ್ತಿದಳು.

ಡಾಕ್ಟರು ನಕ್ಕು ಪೆನ್ನು ತೆಗೆದುಕೊಂಡರು. ನನಗೆ ಕೇಳಿದ ಆ ಪ್ರಶ್ನೆಯನ್ನೇ ಅವಳಿಗೂ ಕೇಳಿದರು. ಆದರೆ ವರ್ಷ ಎನ್ನಲಿಲ್ಲ.

"ಎಷ್ಟು ತಿಂಗಳಿಂದ?" ಎಂದರು.